ಮಡಿಕೇರಿಯ ಒಂದು ರಕ್ತಪರೀಕ್ಷಾ ಕೇಂದ್ರ: ಸೂಜಿ ಚುಚ್ಚುವ ಮೊದಲು ಕೇಳಬೇಕಿದ್ದ ಪ್ರಶ್ನೆ

ಮಡಿಕೇರಿ ಪಟ್ಟಣದ ಖಾಸಗಿ ರಕ್ತಪರೀಕ್ಷಾ ಕೇಂದ್ರವೊಂದಕ್ಕೆ ಕಳೆದ ಮಳೆಗಾಲದಲ್ಲಿ ನನ್ನ ಮಗಳೊಂದಿಗೆ ನಾಲ್ಕು ಸಲ ಹೋಗಿಬಂದೆ. ಆ ಕೇಂದ್ರದ ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬರೆದಿಲ್ಲ. ಅಲ್ಲಿ ಆದ ಲೋಪವನ್ನು ಅವರು ಮುಚ್ಚಿಡದೆ ಒಪ್ಪಿಕೊಂಡು ತಿದ್ದಿಕೊಂಡಿದ್ದಾರೆ, ಹೆಸರು ಹಾಕಿ ಅವರನ್ನು ನೋಯಿಸುವುದು ನನ್ನ ಉದ್ದೇಶವಲ್ಲ. ಐದು ಅಂಕಗಳಲ್ಲಿ ನಾನು ಅವರಿಗೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಅಂಕದ ಬಹುಪಾಲು ಹೋದದ್ದು ಒಂದೇ ಕಾರಣಕ್ಕೆ: ಯಕೃತ್ತಿಗೆ (ಲಿವರ್‌ಗೆ) ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಬಿ ಪರೀಕ್ಷೆಗೆ ರಕ್ತ ತೆಗೆಯುವ ಮೊದಲು, ಇತ್ತೀಚೆಗೆ ಯಾವುದಾದರೂ ಲಸಿಕೆ ಹಾಕಿಸಿಕೊಂಡಿದ್ದೀರಾ ಎಂದು ಅಲ್ಲಿ ಯಾರೂ ನಮ್ಮನ್ನು ಕೇಳಲಿಲ್ಲ.

ಮಗಳಿಗೆ ಮೈಸೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತು. ಕಾಲೇಜಿನವರು ಕೇಳಿದ ಕಾಗದಗಳಲ್ಲಿ ಎರಡು ನಮ್ಮ ಕಥೆಗೆ ಸೇರಿದವು. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಆದರೂ ಆಗಿರಬೇಕು ಎಂಬುದು ಒಂದು, ರಕ್ತಪರೀಕ್ಷೆಯ ವರದಿಯೊಡನೆ ವೈದ್ಯಕೀಯ ಅರ್ಹತಾ ಪತ್ರ ಬೇಕು ಎಂಬುದು ಇನ್ನೊಂದು. ಅವಳು ಶಿಶುವಾಗಿದ್ದಾಗ ಈ ಲಸಿಕೆ ಹಾಕಿಸಿದ್ದೆವೋ ಇಲ್ಲವೋ ಎಂದು ನೋಡಲು ನಮ್ಮ ಬಳಿ ತಾಯಿ ಕಾರ್ಡ್ ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನ ಕಡೆ ಗುಡ್ಡ ಜರಿದಾಗ ನಮ್ಮ ಹಳೆಯ ಮನೆಯ ಹಿಂಭಾಗದ ಕೋಣೆಯೊಂದಿಗೆ ಆ ಪೆಟ್ಟಿಗೆಯೂ ಮಣ್ಣಿನಡಿ ಹೋಯಿತು. ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ 2002-03ರ ಹೊತ್ತಿಗೆ ಕೆಲವೆಡೆ ಪ್ರಾಯೋಗಿಕವಾಗಿ ಆರಂಭವಾಗಿ, ಇಡೀ ದೇಶಕ್ಕೆ ವಿಸ್ತರಿಸಿದ್ದು 2011ರಲ್ಲಿ. ನಡುವಿನ ವರ್ಷಗಳಲ್ಲಿ ಹುಟ್ಟಿದ ನನ್ನ ಮಗಳಂಥವರ ವಿಷಯದಲ್ಲಿ ಊಹೆಯಿಂದ ಏನನ್ನೂ ಹೇಳಲಾಗದು. ಆದ್ದರಿಂದ ಹೊಸದಾಗಿ ಮೂರು ಡೋಸ್ ಹಾಕಿಸುವುದೇ ಸರಿ ಎಂದು ನಮ್ಮ ಕುಟುಂಬದ ವೈದ್ಯರು ಹೇಳಿ, ಆಗಸ್ಟ್ 1ರಂದು ಅವಳ ಎಡ ತೋಳಿಗೆ ಮೊದಲ ಡೋಸ್ ಹಾಕಿದರು.

ಆಗಸ್ಟ್ 4ರ ಬೆಳಿಗ್ಗೆ ನಾವು ರಕ್ತಪರೀಕ್ಷಾ ಕೇಂದ್ರಕ್ಕೆ ಹೋದೆವು. ಹೊರಗೆ ಕಕ್ಕಡದ, ಅಂದರೆ ಕೊಡವರ ಮಳೆಗಾಲದ ತಿಂಗಳ, ಮಳೆ ಬಿಡದೆ ಸುರಿಯುತ್ತಿತ್ತು. ಒಳಗೆ ನೆಲ ಒರೆಸಿ ಒಣಗಿಸಿದ್ದರು, ಕೊಡೆಗಳಿಗೆ ಬಾಗಿಲ ಬಳಿ ಬೇರೆ ಜಾಗ ಇಟ್ಟಿದ್ದರು, ವಯಸ್ಸಾದವರಿಗೆ ಮುಂದಿನ ಸಾಲಿನ ಕುರ್ಚಿಗಳನ್ನು ಬಿಟ್ಟುಕೊಡಲಾಗಿತ್ತು. ವಿದ್ಯುತ್ ಹೋದಾಗ ಜನರೇಟರ್ ಕೂಡಲೇ ಶುರುವಾಯಿತು. ರಕ್ತ ತೆಗೆದ ಹುಡುಗಿ ಸೂಜಿಯ ಪೊಟ್ಟಣವನ್ನು ನಮ್ಮ ಕಣ್ಣೆದುರೇ ಒಡೆದು, ಮಗಳ ಬಾಯಿಂದಲೇ ಅವಳ ಹೆಸರು ಮತ್ತು ವಯಸ್ಸನ್ನು ಹೇಳಿಸಿ, ಕೊಳವೆಯ ಮೇಲಿನ ಚೀಟಿಯನ್ನು ಅದಕ್ಕೆ ಹೋಲಿಸಿ ನೋಡಿ, ಒಂದೇ ಪ್ರಯತ್ನದಲ್ಲಿ ರಕ್ತನಾಳ ಹಿಡಿದಳು. ಈ ಕೆಲಸದಲ್ಲಿ ನಾನು ಕಂಡ ಅತ್ಯಂತ ಅಚ್ಚುಕಟ್ಟಾದ ಕೈ ಅವಳದು. ಕೌಂಟರಿನಲ್ಲಿ ತುಂಬಿಸಿದ ಅರ್ಜಿಯಲ್ಲಿ ಹೆಸರು, ವಯಸ್ಸು, ಫೋನ್ ಸಂಖ್ಯೆ, ಕಳುಹಿಸಿದ ವೈದ್ಯರ ಹೆಸರು ಇದ್ದವು. ತಿಂಡಿ ತಿಂದು ಬಂದಿದ್ದೀರಾ ಎಂದು ಕೇಳಿದರು. ಸಕ್ಕರೆ ಕಾಯಿಲೆಯ ಮಾತ್ರೆ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದೂ ಕೇಳಿದರು. ಮೂರು ದಿನದ ಹಿಂದೆ ಚುಚ್ಚಿಸಿಕೊಂಡ ಲಸಿಕೆಯ ಮಾತು ಬರಲೇ ಇಲ್ಲ. ನಾವೂ ಹೇಳಲಿಲ್ಲ, ಏಕೆಂದರೆ ಅದು ಹೇಳಬೇಕಾದ ವಿಷಯ ಎಂಬ ಅರಿವು ನಮಗಿರಲಿಲ್ಲ.

ಮರುದಿನ ರಾತ್ರಿ ಒಂಬತ್ತು ಗಂಟೆಗೆ ವಾಟ್ಸ್ಆ್ಯಪ್‌ನಲ್ಲಿ ವರದಿ ಬಂತು. ಹಿಮೋಗ್ಲೋಬಿನ್, ರಕ್ತದ ಗುಂಪು, ಮೂತ್ರ, ಎಚ್‌ಐವಿ, ಹೆಪಟೈಟಿಸ್ ಸಿ ಎಲ್ಲವೂ ಸರಿಯಾಗಿದ್ದವು. ಹೆಪಟೈಟಿಸ್ ಬಿ ಪರೀಕ್ಷೆಯಾದ ಎಚ್‌ಬಿಎಸ್‌ಎಜಿ ಎಂಬುದರ ಎದುರು ಮಾತ್ರ ಕೆಂಪು ದಪ್ಪ ಅಕ್ಷರಗಳಲ್ಲಿ ರಿಯಾಕ್ಟಿವ್, ಅಂದರೆ ಪಾಸಿಟಿವ್, ಎಂದಿತ್ತು. ಒಂದಕ್ಕಿಂತ ಹೆಚ್ಚಿದ್ದರೆ ರಿಯಾಕ್ಟಿವ್ ಎಂಬ ಪಟ್ಟಿಯ ಪಕ್ಕದಲ್ಲಿ ಅವಳ ಸಂಖ್ಯೆ 2.4. ವಿವರಣೆಯೆಂದು ಇದ್ದದ್ದು ಕೊನೆಯ ಪುಟದ ಅಡಿಯಲ್ಲಿ, ವರದಿಯನ್ನು ರೋಗಿಯ ಸ್ಥಿತಿಯೊಂದಿಗೆ ಹೋಲಿಸಿ ನೋಡಬೇಕೆಂಬ ಸಣ್ಣ ಅಕ್ಷರದ ಒಂದು ಸಾಲು, ಅದೂ ಇಂಗ್ಲಿಷಿನಲ್ಲಿ.

ಆ ರಾತ್ರಿ ನಮ್ಮ ಮನೆ ಹೇಗಿತ್ತು ಎಂಬುದನ್ನು ಸ್ವಲ್ಪ ಹೇಳದಿದ್ದರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. ನನ್ನ ಅತ್ತೆಯವರು ಕಾಮಾಲೆ ಎಂಬ ಪದ ಕಿವಿಗೆ ಬಿದ್ದ ತಕ್ಷಣ ತೋಟದಿಂದ ನೆಲನೆಲ್ಲಿ ಕಿತ್ತು ತರಿಸಲು ಹೇಳಿದರು. ಮನೆಗೆ ಬಂದಿದ್ದ ಹಿರಿಯ ಬಂಧುವೊಬ್ಬರು, ಕೆಡುಕು ಮಾಡಬೇಕೆಂದಲ್ಲ, ಭಯದಿಂದ, ಮಗಳ ತಟ್ಟೆ ಲೋಟಗಳನ್ನು ಬೇರೆ ಇಡುವುದು ಒಳ್ಳೆಯದು ಎಂದರು. ಹೆಪಟೈಟಿಸ್ ಬಿ ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ. ಒಟ್ಟಿಗೆ ಊಟ ಮಾಡುವುದರಿಂದ ಹರಡುವುದಿಲ್ಲ. ಈ ಮಾತನ್ನು ಹೇಳುವಷ್ಟು ತಿಳಿವಳಿಕೆ ಆ ಹೊತ್ತಿನಲ್ಲಿ ನನ್ನಲ್ಲಿ ಇರಲಿಲ್ಲ. ಹದಿನೆಂಟು ವರ್ಷದ ಹುಡುಗಿ ತಾನೇ ಎದ್ದು ತನ್ನ ತಟ್ಟೆಯನ್ನು ತೊಳೆದು ಬೇರೆ ಇಟ್ಟುಕೊಂಡಳು. "ಅಪ್ಪ, ಇನ್ನು ನನಗೆ ನರ್ಸಿಂಗ್ ಓದೋಕೆ ಬಿಡ್ತಾರಾ?" ಎಂದು ಅವಳು ಕೇಳಿದ್ದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಆಗಸ್ಟ್ 6ರಂದು ಮುದ್ರಿತ ವರದಿ ಪಡೆಯಲು ಮತ್ತೆ ಹೋದಾಗ ಕೌಂಟರಿನ ಹುಡುಗ, "ಹೆಪಟೈಟಿಸ್ ರಿಪೋರ್ಟ್ ಯಾರದ್ದು?" ಎಂದು ತುಂಬಿದ ಕೋಣೆಗೆ ಕೇಳುವಂತೆ ಕೂಗಿದ. ಇದು ಎರಡನೆಯ ಲೋಪ. ಎಚ್‌ಐವಿ ಪರೀಕ್ಷೆಯ ವಿಷಯದಲ್ಲಿ ಒಪ್ಪಿಗೆ, ಸಮಾಲೋಚನೆ, ಗೋಪ್ಯತೆಗಳಿಗೆ 2017ರ ಕಾನೂನಿನ ಬಲವಿದೆ. ಹೆಪಟೈಟಿಸ್‌ನ ವರದಿಯೂ ಒಂದು ಕುಟುಂಬವನ್ನು ಅಷ್ಟೇ ಅಲುಗಾಡಿಸಬಲ್ಲದು ಎಂಬ ಎಚ್ಚರ ಪ್ರಯೋಗಾಲಯಗಳಿಗೆ ತಾವಾಗಿಯೇ ಬರಬೇಕು. ಮಡಿಕೇರಿ ಚಿಕ್ಕ ಊರು. ಆ ಕೋಣೆಯಲ್ಲಿದ್ದವರಲ್ಲಿ ಮೂವರಿಗೆ ನನ್ನ ಮುಖ ಪರಿಚಯವಿತ್ತು.

ಇಲ್ಲಿಂದ ಮುಂದೆ ಆ ಕೇಂದ್ರದ ಬಗ್ಗೆ ನಾನು ಹೇಳಬೇಕಾದದ್ದು ಬಹುತೇಕ ಮೆಚ್ಚುಗೆಯ ಮಾತೇ. ನನ್ನ ಮುಖ ನೋಡಿ ಏನೋ ಗ್ರಹಿಸಿದ ರಕ್ತ ತೆಗೆದ ಅದೇ ಹುಡುಗಿ, "ಡಾಕ್ಟರ್ ಒಳಗಿದ್ದಾರೆ, ಮಾತಾಡಿಕೊಂಡು ಹೋಗಿ ಸರ್" ಎಂದು ಒಳಗೆ ಕರೆದೊಯ್ದಳು. ಪೆಥಾಲಜಿ ವೈದ್ಯರು ವರದಿಯನ್ನು ನೋಡಿದವರು ಕೇಳಿದ ಮೊದಲ ಪ್ರಶ್ನೆ, "ಈ ಪರೀಕ್ಷೆ ಯಾಕೆ ಮಾಡಿಸಿದ್ರಿ?" ಎಂಬುದು. ನರ್ಸಿಂಗ್ ಕಾಲೇಜು ಎಂದ ಕೂಡಲೇ ಎರಡನೆಯ ಪ್ರಶ್ನೆ ಬಂತು: "ಲಸಿಕೆ ಶುರು ಮಾಡಿದ್ದೀರಾ? ಯಾವತ್ತು ಹಾಕಿಸಿದ್ರಿ?" ತಾರೀಖು ಹೇಳಿದಾಗ ಅವರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು, "ಇದನ್ನು ನಾವು ಮೊದಲೇ ಕೇಳಬೇಕಿತ್ತು, ತಪ್ಪು ನಮ್ಮದು" ಎಂದರು. ಆ ನಂತರ ಅರ್ಧ ಗಂಟೆಗೂ ಹೆಚ್ಚು ಹೊತ್ತು ಅವರು ನಮಗೆ ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಇಲ್ಲಿ ಬರೆಯುತ್ತೇನೆ, ಏಕೆಂದರೆ ಇದು ಕೊಡಗಿನ ಇನ್ನೂ ಎಷ್ಟೋ ಮನೆಗಳಿಗೆ ಬೇಕಾದ ಮಾಹಿತಿ.

ಎಚ್‌ಬಿಎಸ್‌ಎಜಿ ಎಂದರೆ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನು. ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಇದನ್ನು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಮೊದಲು ಗುರುತಿಸಿದ್ದರಿಂದ ಬಹುಕಾಲ ಇದಕ್ಕೆ ಆಸ್ಟ್ರೇಲಿಯಾ ಆ್ಯಂಟಿಜೆನ್ ಎಂಬ ಹೆಸರಿತ್ತು. ಅವರಿಗೆ 1976ರಲ್ಲಿ ನೊಬೆಲ್ ಬಂತು. ರಕ್ತದಲ್ಲಿ ಈ ಪ್ರೋಟೀನು ಸಿಕ್ಕಿದರೆ ಸಾಮಾನ್ಯವಾಗಿ ವೈರಸ್ ದೇಹದಲ್ಲಿದೆ ಎಂದೇ ಅರ್ಥ. ಆದರೆ ಲಸಿಕೆಯಲ್ಲಿ ಇರುವುದೂ ಇದೇ ಪ್ರೋಟೀನು. ಈಗಿನ ಲಸಿಕೆಗಾಗಿ ವೈರಸ್ಸಿನ ಆ ಒಂದು ಭಾಗದ ಜೀನನ್ನು ಯೀಸ್ಟ್ ಕೋಶಕ್ಕೆ ಸೇರಿಸಿ, ಯೀಸ್ಟ್ ತಯಾರಿಸಿದ ಪ್ರೋಟೀನನ್ನು ಶುದ್ಧಗೊಳಿಸಿ ಸೀಸೆಗೆ ತುಂಬುತ್ತಾರೆ. ನಮ್ಮ ದೇಶದಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೀಗೆ ತಯಾರಿಸಿದ ಮೇಲೆಯೇ ಇದರ ಬೆಲೆ ಸಾಮಾನ್ಯರ ಕೈಗೆಟುಕುವಂತಾಯಿತು. ಸೀಸೆಯಲ್ಲಿ ವೈರಸ್ ಇಲ್ಲ, ವೈರಸ್ಸಿನ ವಂಶಧಾತು ಇಲ್ಲ, ರೋಗ ಹುಟ್ಟಿಸುವ ಯಾವ ಶಕ್ತಿಯೂ ಇಲ್ಲ. ಹೊರಕವಚ ಮಾತ್ರ ಇದೆ. ವಯಸ್ಕರ ಒಂದು ಡೋಸಿನಲ್ಲಿ ಸಾಮಾನ್ಯವಾಗಿ ಅದು 20 ಮೈಕ್ರೋಗ್ರಾಂ.

ತೋಳಿನ ಸ್ನಾಯುವಿಗೆ ಹಾಕಿದ ಈ ಪ್ರೋಟೀನಿನ ಒಂದು ಚೂರು ಪಾಲು ಕೆಲವರಲ್ಲಿ ಕೆಲವು ದಿನ ರಕ್ತದಲ್ಲಿ ತೇಲುತ್ತಿರುತ್ತದೆ. ಹಳೆಯ ಪರೀಕ್ಷೆಗಳಿಗೆ ಅಷ್ಟು ಕಡಿಮೆ ಪ್ರಮಾಣ ಸಿಗದೆ ಹೋಗಬಹುದಿತ್ತು. ಈಗಿನ ಯಂತ್ರಗಳು ಬಹಳ ಸೂಕ್ಷ್ಮವಾದ್ದರಿಂದ ಹಿಡಿದುಬಿಡುತ್ತವೆ. ಲಸಿಕೆಯ ನಂತರ 18 ದಿನಗಳವರೆಗೂ ಹೀಗೆ ಕಂಡದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಬಹುತೇಕರಲ್ಲಿ ಅದಕ್ಕೂ ಬಹಳ ಮೊದಲೇ ಮಾಯವಾಗುತ್ತದೆ, ಎಲ್ಲರಲ್ಲೂ ಕಾಣಿಸಿಕೊಳ್ಳುವುದೂ ಇಲ್ಲ. ಯಂತ್ರ ಸುಳ್ಳು ಹೇಳಿರಲಿಲ್ಲ. ರಕ್ತದಲ್ಲಿ ಆ ಪ್ರೋಟೀನು ನಿಜವಾಗಿಯೂ ಇತ್ತು. ಅದು ಎಲ್ಲಿಂದ ಬಂತು ಎಂಬುದನ್ನು ಹೇಳುವ ಶಕ್ತಿ ಯಂತ್ರಕ್ಕಿಲ್ಲ. ರಿಯಾಕ್ಟಿವ್ ಬಂದ ಮಾದರಿಯನ್ನು ದೃಢಪಡಿಸಿಕೊಳ್ಳಲು ನ್ಯೂಟ್ರಲೈಸೇಶನ್ ಎಂಬ ಇನ್ನೊಂದು ಪರೀಕ್ಷೆ ಮಾಡುವುದುಂಟು, ಆದರೆ ಅದೂ ಇಲ್ಲಿ ನೆರವಿಗೆ ಬಾರದು. ಆ ಪರೀಕ್ಷೆ ಉತ್ತರಿಸುವ ಪ್ರಶ್ನೆ, ಇದು ನಿಜವಾದ ಎಚ್‌ಬಿಎಸ್‌ಎಜಿಯೋ ಅಲ್ಲವೋ ಎಂಬುದು. ಲಸಿಕೆಯದ್ದೂ ನಿಜವಾದದ್ದೇ ಆದ್ದರಿಂದ ಹೌದು ಎಂಬ ಉತ್ತರವೇ ಬರುತ್ತದೆ, ಮನೆಯವರ ದಿಗಿಲು ಇಮ್ಮಡಿಯಾಗುತ್ತದೆ.

ಇದನ್ನು ನನ್ನ ತಲೆಗೆ ಹೋಗುವಂತೆ ಮಾಡಿದ್ದು ವೈದ್ಯರ ಒಂದು ಹೋಲಿಕೆ. ರಕ್ತ ಕೊಟ್ಟ ಹಿಂದಿನ ದಿನ, ಆಗಸ್ಟ್ 3ರಂದು, ಕಕ್ಕಡ ಹದಿನೆಂಟಕ್ಕೆ ಎಲ್ಲರ ಮನೆಯಂತೆ ನಮ್ಮ ಮನೆಯಲ್ಲೂ ಮದ್ದುಸೊಪ್ಪಿನ ಪಾಯಸ ಮಾಡಿದ್ದೆವು; ಅದನ್ನು ತಿಂದ ಮರುದಿನ ಮೂತ್ರ ಕೆಂಪಾಗುತ್ತದೆ. ಕೊಡಗಿನಲ್ಲಿ ಹುಟ್ಟಿ ಬೆಳೆದ ಯಾರೂ ಅದನ್ನು ಕಂಡು ರಕ್ತ ಹೋಗುತ್ತಿದೆ ಎಂದು ಆಸ್ಪತ್ರೆಗೆ ಓಡುವುದಿಲ್ಲ. "ಹೊರಗಿನಿಂದ ಬಂದ ಒಬ್ಬ ಹೊಸ ಡಾಕ್ಟರ್ ನಿನ್ನೆ ಏನು ತಿಂದಿದ್ದೀರಿ ಅಂತ ಕೇಳದೆ ಆ ಬಣ್ಣ ನೋಡಿದರೆ ಗಾಬರಿಯಾಗ್ತಾರೆ. ನಾವು ಈ ರಿಪೋರ್ಟಿನಲ್ಲಿ ಮಾಡಿದ್ದು ಅದನ್ನೇ" ಎಂದು ಅವರು ಹೇಳಿದಾಗ ವರದಿ ಬಂದ ಮೇಲೆ ಮೊದಲ ಬಾರಿ ನನ್ನ ಮಗಳ ಮುಖದಲ್ಲಿ ನಗು ಕಂಡೆ.

ಹೀಗೆ ಸಮಾಧಾನ ಹೇಳಿ ಅವರು ನಮ್ಮನ್ನು ಕಳುಹಿಸಿಬಿಡಲಿಲ್ಲ ಎಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಲಸಿಕೆಯಿಂದ ಬಂದದ್ದಿರಬಹುದು ಎಂಬುದು ಊಹೆ, ಅದನ್ನು ಖಚಿತಪಡಿಸಿಕೊಳ್ಳಬೇಕು ಎಂದರು. ಸೋಂಕು ತಗಲಿದವರ ದೇಹ ವೈರಸ್ಸಿನ ಒಳತಿರುಳಿನ ವಿರುದ್ಧವೂ ಪ್ರತಿಕಾಯವನ್ನು (ರೋಗಾಣುವಿನ ವಿರುದ್ಧ ಹೋರಾಡುವ ಪ್ರೋಟೀನನ್ನು) ತಯಾರಿಸುತ್ತದೆ; ಅದನ್ನು ಕೋರ್ ಪ್ರತಿಕಾಯ ಎನ್ನುತ್ತಾರೆ. ಲಸಿಕೆಯಲ್ಲಿ ಒಳತಿರುಳು ಇಲ್ಲವಾದ್ದರಿಂದ ಲಸಿಕೆಯಿಂದ ಕೋರ್ ಪ್ರತಿಕಾಯ ಹುಟ್ಟುವುದೇ ಇಲ್ಲ. ಉಳಿದಿದ್ದ ಮಾದರಿಯಲ್ಲಿಯೇ ಆ ಪರೀಕ್ಷೆ ಮಾಡಿಸಲು ಬೆಂಗಳೂರಿಗೆ ಕಳುಹಿಸಿದರು, ಲಿವರ್ ಕಿಣ್ವಗಳನ್ನು ಅಲ್ಲೇ ನೋಡಿದರು. ಕಿಣ್ವಗಳು ಸಹಜವಾಗಿದ್ದವು, ಕೋರ್ ಪ್ರತಿಕಾಯ ಇಲ್ಲ ಎಂಬ ವರದಿ ಮೂರು ದಿನಗಳ ನಂತರ ಬಂತು. ಅಷ್ಟಕ್ಕೆ ಸಂಪೂರ್ಣ ನಿಶ್ಚಿಂತೆ ಸಲ್ಲದು ಎಂದೂ ಅವರೇ ಹೇಳಿದರು, ಏಕೆಂದರೆ ಹೊಸದಾಗಿ ಸೋಂಕು ತಗಲಿದವರಲ್ಲಿ ಮೊದಲು ಕಾಣುವುದು ಎಚ್‌ಬಿಎಸ್‌ಎಜಿ, ಕೋರ್ ಪ್ರತಿಕಾಯ ಬರುವುದು ಕೆಲವು ವಾರಗಳ ನಂತರ. ಆದ್ದರಿಂದ ನಾಲ್ಕು ವಾರ ಕಳೆದು ಎರಡನ್ನೂ ಮತ್ತೊಮ್ಮೆ ನೋಡುವುದೊಂದೇ ಸರಿಯಾದ ದಾರಿ. ವೈರಸ್ಸಿನ ಡಿಎನ್ಎಯನ್ನೇ ಹುಡುಕುವ ಪರೀಕ್ಷೆಯೂ ಇದೆಯಲ್ಲ ಎಂದು ನಾನೇ ಕೇಳಿದೆ. ಅದಕ್ಕೆ ಸಾವಿರಾರು ರೂಪಾಯಿ ಆಗುತ್ತದೆ, ಎರಡನೆಯ ಪರೀಕ್ಷೆಯಲ್ಲೂ ರಿಯಾಕ್ಟಿವ್ ಬಂದರೆ ಮಾತ್ರ ಮಾಡಿಸೋಣ ಎಂದರು. ಭಯದಲ್ಲಿದ್ದ ತಂದೆಗೆ ಆ ಹೊತ್ತಿನಲ್ಲಿ ಯಾವ ಪರೀಕ್ಷೆಯನ್ನಾದರೂ ಮಾರಬಹುದಿತ್ತು. ಅವರು ಮಾರಲಿಲ್ಲ.

ದಿನಾಂಕದ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಈ ಲಸಿಕೆಯ ವೇಳಾಪಟ್ಟಿ ಮೊದಲ ದಿನ, ಒಂದು ತಿಂಗಳು, ಆರು ತಿಂಗಳು ಎಂದಿರುವುದರಿಂದ ಎರಡನೆಯ ಡೋಸ್ ಸೆಪ್ಟೆಂಬರ್ 1ಕ್ಕೆ ಬರುತ್ತಿತ್ತು. ಆ ಡೋಸ್ ಹಾಕಿಸಿದ ಮೇಲೆ ರಕ್ತ ಕೊಟ್ಟರೆ ಮತ್ತೆ ಅದೇ ಗೊಂದಲ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ 28 ದಿನ ತುಂಬಿದ ಆಗಸ್ಟ್ 29ರಂದು ರಕ್ತ ಕೊಟ್ಟು, ಆಮೇಲೆ ಎರಡನೆಯ ಡೋಸ್ ಹಾಕಿಸಬೇಕು ಎಂದು ಅವರು ಕ್ಯಾಲೆಂಡರ್ ನೋಡಿ ಗುರುತು ಹಾಕಿಕೊಟ್ಟರು. ವರದಿಯ ಭಯದಿಂದ ಲಸಿಕೆಯನ್ನು ಮಾತ್ರ ನಿಲ್ಲಿಸಬೇಡಿ ಎಂದು ಒತ್ತಿ ಹೇಳಿದರು. ಮೊದಲೇ ಸೋಂಕು ಇದ್ದವರಿಗೂ ಈ ಲಸಿಕೆಯಿಂದ ಹಾನಿಯಿಲ್ಲ, ಇಲ್ಲದವರಿಗೆ ಅರ್ಧಕ್ಕೆ ನಿಲ್ಲಿಸಿದರೆ ರಕ್ಷಣೆ ಪೂರ್ತಿಯಾಗುವುದಿಲ್ಲ. ನಮ್ಮಂತೆ ಲಸಿಕೆ ಮತ್ತು ಪರೀಕ್ಷೆ ಎರಡೂ ಬೇಕಾದವರು ಮೊದಲು ರಕ್ತ ಕೊಟ್ಟು ಅನಂತರ ಲಸಿಕೆ ಹಾಕಿಸಿಕೊಂಡರೆ, ಎರಡನ್ನೂ ಒಂದೇ ದಿನ ಮುಗಿಸಬಹುದಂತೆ. ಇಷ್ಟು ಸರಳವಾದ ಮಾತು ಕಾಲೇಜಿನ ಪಟ್ಟಿಯಲ್ಲಿ ಒಂದು ಸಾಲಾಗಿ ಇದ್ದಿದ್ದರೂ ನಮ್ಮ ಆ ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಕಾಲೇಜಿಗೆ ಕೊಡಲು ಅವರು ತಮ್ಮ ಕೇಂದ್ರದ ಕಾಗದದಲ್ಲಿ ಪತ್ರ ಬರೆದುಕೊಟ್ಟರು. ಲಸಿಕೆಯ ದಿನಾಂಕ, ರಕ್ತ ತೆಗೆದ ದಿನಾಂಕ, ಕೋರ್ ಪ್ರತಿಕಾಯದ ವರದಿ ಬಾಕಿಯಿದೆ ಎಂಬುದು, ಮರುಪರೀಕ್ಷೆಯ ದಿನಾಂಕ, ಎಲ್ಲವೂ ಅದರಲ್ಲಿದ್ದವು. ಕಾಲೇಜಿನವರು ಅದನ್ನು ಒಪ್ಪಿ ಅಂತಿಮ ವರದಿಗೆ ಒಂದು ತಿಂಗಳ ಅವಕಾಶ ಕೊಟ್ಟರು.

ಆ ಅರ್ಧ ಗಂಟೆಯ ಮಾತಿನಲ್ಲಿ ನನ್ನ ಮಗಳ ವಿಷಯಕ್ಕೆ ನೇರವಾಗಿ ಸೇರದಿದ್ದರೂ ಕೊಡಗಿನವರಿಗೆ ಬೇಕಾದ ಸಂಗತಿಗಳು ಇನ್ನೂ ಕೆಲವಿದ್ದವು. ರಕ್ತದಾನ ಶಿಬಿರಕ್ಕೆ ಹೋಗುವ ನಮ್ಮ ಯುವಕರು ಈ ಲಸಿಕೆ ಹಾಕಿಸಿಕೊಂಡು ಒಂದು ವಾರದಲ್ಲಿ ರಕ್ತ ಕೊಟ್ಟರೆ ಅವರ ರಕ್ತ ವ್ಯರ್ಥವಾಗಬಹುದು, ಜೊತೆಗೆ ಅವರ ಹೆಸರಿಗೂ ಒಂದು ಅನುಮಾನ ಅಂಟಿಕೊಳ್ಳಬಹುದು. ಅಮೆರಿಕದ ರಕ್ತನಿಧಿಗಳು ಇದಕ್ಕಾಗಿಯೇ ಲಸಿಕೆಯ ನಂತರ 21 ದಿನ ಕಾಯಿಸುತ್ತವೆ. ಡಯಾಲಿಸಿಸ್ ರೋಗಿಗಳ ಸ್ಥಿತಿ ಇನ್ನೂ ನಾಜೂಕು. ಅವರಿಗೆ ವಯಸ್ಕರ ಎರಡು ಪಟ್ಟು, ಅಂದರೆ 40 ಮೈಕ್ರೋಗ್ರಾಂ ಲಸಿಕೆ ಕೊಡುವುದು ರೂಢಿ, ಪರೀಕ್ಷೆಯೂ ಪದೇಪದೇ ನಡೆಯುತ್ತಿರುತ್ತದೆ, ರಿಯಾಕ್ಟಿವ್ ಎಂದರೆ ಬೇರೆಯದೇ ಯಂತ್ರಕ್ಕೆ ಕಳುಹಿಸಬೇಕಾಗುತ್ತದೆ. ಲಸಿಕೆಯ ದಿನಾಂಕವನ್ನು ನೋಡದೆ ಬರೆದ ಒಂದು ಪದ ಅಂಥವರ ವಾರದ ಬದುಕನ್ನೇ ಕದಡಬಲ್ಲದು. ಸೋಂಕಿರುವ ತಾಯಿಗೆ ಹುಟ್ಟಿದ ಮಗುವಿಗೆ ಹುಟ್ಟಿದ 24 ಗಂಟೆಗಳೊಳಗೆ ಲಸಿಕೆ ಕೊಟ್ಟರೂ, ಮಗುವಿಗೆ ಸೋಂಕು ದಾಟಿದೆಯೇ ಎಂದು ನೋಡುವುದನ್ನು ಒಂಬತ್ತು ತಿಂಗಳು ತುಂಬುವವರೆಗೆ ಮುಂದೂಡುವುದು ಮುಖ್ಯವಾಗಿ, ತಡವಾಗಿ ಕಾಣಿಸಿಕೊಳ್ಳುವ ಸೋಂಕೂ ಸಿಗಲಿ, ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು (ಇಮ್ಯುನೊಗ್ಲಾಬ್ಯುಲಿನ್) ಕೊಟ್ಟಿದ್ದರೆ ಅದರ ಪ್ರತಿಕಾಯಗಳು ಕರಗಿಹೋಗಲಿ ಎಂದು.

ಲಸಿಕೆ ಇನ್ನೊಂದು ರೀತಿಯಲ್ಲೂ ವರದಿಯನ್ನು ಬದಲಿಸುತ್ತದೆ, ಮತ್ತು ಆ ಬದಲಾವಣೆ ಸಂತೋಷದ್ದು. ಲಸಿಕೆ ಫಲಿಸಿದವರ ರಕ್ತದಲ್ಲಿ ಆ್ಯಂಟಿ ಎಚ್‌ಬಿಎಸ್ ಎಂಬ ರಕ್ಷಕ ಪ್ರತಿಕಾಯ ಹುಟ್ಟುತ್ತದೆ. ಕೊನೆಯ ಡೋಸಿನ ನಂತರ ಒಂದರಿಂದ ಎರಡು ತಿಂಗಳಲ್ಲಿ ನೋಡಿದಾಗ ಅದು 10 ಅಥವಾ ಅದಕ್ಕಿಂತ ಹೆಚ್ಚು ಘಟಕ ಇದ್ದರೆ ರಕ್ಷಣೆ ಸಿಕ್ಕಿದೆ ಎಂದರ್ಥ. ಆದರೆ ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: ಎಚ್‌ಬಿಎಸ್‌ಎಜಿ, ಆ್ಯಂಟಿ ಎಚ್‌ಬಿಎಸ್. ಸೋಮವಾರಪೇಟೆಯ ನನ್ನ ಪರಿಚಯದ ಶಿಕ್ಷಕರೊಬ್ಬರು ಎರಡನೆಯದರ ಎದುರು ಪಾಸಿಟಿವ್ ಎಂದು ಕಂಡು, ತಮಗೆ ರೋಗ ಬಂದಿದೆ ಎಂದು ನಂಬಿ, ಮೂರು ತಿಂಗಳು ಪಥ್ಯ ಮಾಡಿದ್ದರು. ಅವರಿಗೆ ಬಂದದ್ದು ರೋಗವಲ್ಲ, ರೋಗದಿಂದ ರಕ್ಷಣೆ. ಒಂದು ಪಾಸಿಟಿವ್ ಭಯದ್ದು, ಇನ್ನೊಂದು ಭರವಸೆಯದ್ದು. ಎರಡನ್ನೂ ಒಂದೇ ಕೆಂಪು ಅಕ್ಷರದಲ್ಲಿ ಮುದ್ರಿಸುವ ವರದಿ ಓದುಗನಿಗೆ ಏನು ತಿಳಿಸಿದಂತಾಯಿತು? ಇದು ಈ ಕೇಂದ್ರದ ವರದಿಯಲ್ಲೂ ಇರುವ ಕೊರತೆ, ಇನ್ನೂ ಸರಿಯಾಗಿಲ್ಲ.

ಬೇರೆ ಲಸಿಕೆಗಳಿಂದಲೂ ವರದಿಯಲ್ಲಿ ಗೊಂದಲ ಆಗುವುದುಂಟು. ಹೆಪಟೈಟಿಸ್ ಎ ಲಸಿಕೆಯ ನಂತರ ಕೆಲವರಲ್ಲಿ ಹೊಸ ಸೋಂಕನ್ನು ಸೂಚಿಸುವ ಐಜಿಎಂ ಪ್ರತಿಕಾಯದ ಪರೀಕ್ಷೆ ಸ್ವಲ್ಪ ಕಾಲ ಪಾಸಿಟಿವ್ ತೋರಿಸಬಹುದು. ಫ್ಲೂ ಲಸಿಕೆಯ ನಂತರ ಹೆಪಟೈಟಿಸ್ ಸಿ ಮತ್ತು ಎಚ್‌ಐವಿಯ ಎಲೈಸಾ ಎಂಬ ಪ್ರತಿಕಾಯ ಪರೀಕ್ಷೆಗಳು ಅಪರೂಪಕ್ಕೆ ತಪ್ಪು ಪಾಸಿಟಿವ್ ಕೊಟ್ಟ ಉದಾಹರಣೆಗಳು 1990ರ ದಶಕದ ಆರಂಭದಿಂದಲೂ ದಾಖಲಾಗಿವೆ. ಆದರೆ ಇವುಗಳ ಕಾರಣ ಬೇರೆ. ಅಲ್ಲಿ ಲಸಿಕೆಯ ವಸ್ತು ರಕ್ತದಲ್ಲಿ ಸಿಕ್ಕಿರುವುದಿಲ್ಲ, ಲಸಿಕೆಗೆ ದೇಹ ಕೊಟ್ಟ ಪ್ರತಿಕ್ರಿಯೆ ಪರೀಕ್ಷೆಯ ದಾರಿ ತಪ್ಪಿಸಿರುತ್ತದೆ.

ಆಗಸ್ಟ್ 29ರಂದು ಮೂರನೆಯ ಸಲ ಹೋದಾಗ ಕೌಂಟರಿನಲ್ಲಿ ನನ್ನ ಕೈಗೆ ಕೊಟ್ಟ ಅರ್ಜಿ ಹೊಸದಾಗಿತ್ತು. ಕಳೆದ ನಾಲ್ಕು ವಾರಗಳಲ್ಲಿ ಯಾವುದಾದರೂ ಲಸಿಕೆ, ರಕ್ತ ಅಥವಾ ಇಮ್ಯುನೊಗ್ಲಾಬ್ಯುಲಿನ್ ಪಡೆದಿದ್ದೀರಾ, ಪಡೆದಿದ್ದರೆ ಯಾವ ದಿನ ಎಂದು ಕನ್ನಡದಲ್ಲಿ ಮುದ್ರಿಸಿದ ಒಂದು ಸಾಲು ಅದರಲ್ಲಿ ಸೇರಿತ್ತು. ರಕ್ತ ಮತ್ತು ಇಮ್ಯುನೊಗ್ಲಾಬ್ಯುಲಿನ್ ಯಾಕೆ ಎಂದು ಕೇಳಿದೆ. ಬೇರೆಯವರ ಪ್ರತಿಕಾಯಗಳು ಅವುಗಳೊಂದಿಗೆ ನಮ್ಮ ರಕ್ತಕ್ಕೆ ಬಂದು, ಕೋರ್ ಪ್ರತಿಕಾಯವನ್ನೂ ಪಾಸಿಟಿವ್ ತೋರಿಸಬಲ್ಲವು ಎಂಬುದು ಉತ್ತರ. ನನ್ನ ಮುಂದೆ ನಿಂತಿದ್ದವರು ಸಿದ್ದಾಪುರದ ಕಡೆಯ ತೋಟದ ಕಾರ್ಮಿಕ ಮಹಿಳೆ, ಗರ್ಭಿಣಿ. ಓದಲು ಬಾರದ ಅವರಿಗೆ ಕೌಂಟರಿನ ಅದೇ ಹುಡುಗ, "ಅಕ್ಕ, ಈಚೆಗೆ ಯಾವುದಾದ್ರೂ ಇಂಜೆಕ್ಷನ್ ತಗೊಂಡ್ರಾ? ಯಾವ ಆಸ್ಪತ್ರೆಯಲ್ಲಿ?" ಎಂದು ತಗ್ಗಿದ ದನಿಯಲ್ಲಿ ಕೇಳಿ ತಾನೇ ಬರೆದುಕೊಂಡ. ನನಗೆ ಪೆಥಾಲಜಿ ವೈದ್ಯರೊಂದಿಗೆ ಕುಳಿತು ಪ್ರಶ್ನೆ ಕೇಳುವ ಧೈರ್ಯವೂ ಸಮಯವೂ ಇದ್ದವು. ಲೈನು ಮನೆಗೆ ಹಿಂತಿರುಗಿ ಮರುದಿನ ಕೆಲಸಕ್ಕೆ ಹೋಗಬೇಕಾದವರಿಗೆ ವರದಿಯ ಆ ಒಂದು ಕೆಂಪು ಪದವೇ ಕೊನೆಯ ಮಾತಾಗಿಬಿಡುತ್ತದೆ. ಈ ಪ್ರಶ್ನೆಯನ್ನು ಸೂಜಿಯ ನಂತರವಲ್ಲ, ಮೊದಲೇ ಕೇಳಬೇಕು ಎಂದು ನಾನು ಇಷ್ಟು ಹೇಳುತ್ತಿರುವುದು ಅವರಿಗಾಗಿ.

ಹಣದ ವಿಷಯವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಮೊದಲ ದಿನದ ಪರೀಕ್ಷೆಗಳಿಗೆ ಪಟ್ಟಣದ ಉಳಿದ ಕೇಂದ್ರಗಳಲ್ಲಿ ಆಗುವಷ್ಟೇ ಆಯಿತು. ಮರುಪರೀಕ್ಷೆಗೂ ಬೆಂಗಳೂರಿಗೆ ಕಳುಹಿಸಿದ ಕೋರ್ ಪ್ರತಿಕಾಯದ ಪರೀಕ್ಷೆಗೂ ಅವರು ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ನಾನು ಒತ್ತಾಯಿಸಿದರೂ ಒಪ್ಪಲಿಲ್ಲ. ಖಾಸಗಿಯಲ್ಲಿ ಖರ್ಚು ಮಾಡಲಾಗದವರಿಗೆ ಒಂದು ವಿಷಯ ತಿಳಿದಿರಲಿ: 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಚಿಕಿತ್ಸೆಗಳನ್ನು ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿ ಕೊಡಲಾಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಅಲ್ಲಿ ಹೋದಾಗಲೂ ಲಸಿಕೆಯ ದಿನಾಂಕವನ್ನು ನೀವಾಗಿಯೇ ಹೇಳಿ.

ಇಷ್ಟೆಲ್ಲ ಆದ ಮೇಲೂ ಅಂಕವನ್ನು ಮೂರೂವರೆಗೆ ನಿಲ್ಲಿಸಿರುವುದಕ್ಕೆ ಕಾರಣ ಹೇಳಬೇಕು. ವರದಿಗಳು ಇಂದಿಗೂ ರಾತ್ರಿಯ ಹೊತ್ತಿನಲ್ಲಿ ಯಾವ ಮಾತೂ ಇಲ್ಲದೆ ಫೋನಿಗೆ ಬಂದು ಬೀಳುತ್ತವೆ. ಬೇರೆ ಎಲ್ಲ ವರದಿಗಳು ಹಾಗೆ ಬರಲಿ, ಅನುಕೂಲವೇ. ಆದರೆ ಎಚ್‌ಬಿಎಸ್‌ಎಜಿಯಂಥ ಪರೀಕ್ಷೆಯಲ್ಲಿ ರಿಯಾಕ್ಟಿವ್ ಬಂದಾಗ ಮೊದಲು ಒಬ್ಬರು ಫೋನು ಮಾಡಿ, ನಾಳೆ ಬೆಳಿಗ್ಗೆ ಬನ್ನಿ, ಡಾಕ್ಟರ್ ಮಾತಾಡುತ್ತಾರೆ ಎಂದು ಹೇಳುವ ಪದ್ಧತಿ ಬರಬೇಕು. ವರದಿಯ ಅಡಿಯ ಇಂಗ್ಲಿಷ್ ಸಾಲಿನ ಜಾಗದಲ್ಲಿ, ಇತ್ತೀಚೆಗೆ ಹೆಪಟೈಟಿಸ್ ಬಿ ಲಸಿಕೆ ಪಡೆದಿದ್ದರೆ ಈ ಫಲಿತಾಂಶ ತಾತ್ಕಾಲಿಕವಾಗಿರಬಹುದು, ನಾಲ್ಕು ವಾರಗಳ ನಂತರ ಮತ್ತೆ ಪರೀಕ್ಷಿಸಿ ಎಂದು ಕನ್ನಡದಲ್ಲಿ ಎರಡು ಸಾಲು ಬರಬೇಕು. ಇವೆರಡನ್ನೂ ವೈದ್ಯರ ಮುಂದೆ ಹೇಳಿ ಬಂದಿದ್ದೇನೆ, ಬರೆದುಕೊಂಡಿದ್ದಾರೆ.

ಆಗಸ್ಟ್ 30ರಂದು ಬಂದ ವರದಿಯಲ್ಲಿ ಎಚ್‌ಬಿಎಸ್‌ಎಜಿ ನಾನ್ ರಿಯಾಕ್ಟಿವ್ ಎಂದಿತ್ತು. ಆ ವರದಿಯನ್ನು ಮಾತ್ರ ಅವರು ಫೋನಿಗೆ ಕಳುಹಿಸುವ ಮೊದಲು ಕರೆ ಮಾಡಿ ತಿಳಿಸಿದರು. ಬೆಂಗಳೂರಿನಿಂದ ಬರಬೇಕಿದ್ದ ಕೋರ್ ಪ್ರತಿಕಾಯದ ಎರಡನೆಯ ವರದಿಯೂ ಎರಡು ದಿನ ತಡವಾಗಿ, ಪ್ರತಿಕಾಯ ಇಲ್ಲ ಎಂದೇ ಬಂತು. ಸೆಪ್ಟೆಂಬರ್ 1ಕ್ಕೆ ಎರಡನೆಯ ಡೋಸ್ ಆಯಿತು, 3ರಂದು ಕೈಲ್ ಮುಹೂರ್ತದ ಹಬ್ಬದೂಟಕ್ಕೆ ಮಗಳು ಎಲ್ಲರ ನಡುವೆ ಕುಳಿತು ಉಂಡಳು, ಮರುವಾರ ಮೈಸೂರಿಗೆ ಹೋದಳು. ಮೂರನೆಯ ಡೋಸ್ ಫೆಬ್ರುವರಿಯಲ್ಲಿದೆ. ಅದಾಗಿ ಒಂದೂವರೆ ತಿಂಗಳಿಗೆ, ಯುಗಾದಿಯ ಆಸುಪಾಸಿನಲ್ಲಿ ಅವಳು ಊರಿಗೆ ಬಂದಾಗ, ಆ್ಯಂಟಿ ಎಚ್‌ಬಿಎಸ್ ಪರೀಕ್ಷೆಗೆ ಅವಳನ್ನು ಇದೇ ಕೇಂದ್ರಕ್ಕೆ ಕರೆದುಕೊಂಡು ಹೋಗುವವನಿದ್ದೇನೆ.